ಯಾವುದನ್ನು ಯಾವುದಕ್ಕೆ?

ಪ್ರಿಯರೆ,

ಮಂಡ್ಯದಿಂದ ನೀವು ಕಳಿಸಿದ ‘ಕಿವಿಯೊಳಗಿನ ಹಗ್ಗಗಳು’ ಲೇಖನ ತಲುಪಿತು. ವಿಷಯ ಹೊಸದು, ಭಾಷೆ ಸರಾಗವಾಗಿದೆ. ಆದರೆ ಎರಡನೇ ಪುಟದ ಒಂದು ವಾಕ್ಯ ಎರಡು ದಿನದಿಂದ ನನ್ನನ್ನು ಕಾಡುತ್ತಿದೆ.

“ಮಧ್ಯಕಿವಿಯ ಮೂರು ಪುಟ್ಟ ಮೂಳೆಗಳಿಗೆ ಸ್ನಾಯುರಜ್ಜು, ಅಸ್ಥಿರಜ್ಜುಗಳು ಅಂಟಿಕೊಂಡಿವೆ.”

ಅಂಟುವುದು ಲಕೋಟೆಗೆ ಸ್ಟಾಂಪು. ರಜ್ಜುವಿನ ನಾರು ಮೂಳೆಯೊಳಕ್ಕೇ ಬೇರಿನಂತೆ ಇಳಿದಿರುತ್ತದೆ. ಅದಿರಲಿ, ಎರಡನ್ನೂ ಒಂದೇ ಕ್ರಿಯಾಪದಕ್ಕೆ ಕಟ್ಟಿಹಾಕಿದ್ದು ನನಗೆ ಸಹಿಸಲಾಗಲಿಲ್ಲ. ಸ್ನಾಯುರಜ್ಜು ಸ್ನಾಯುವನ್ನು ಮೂಳೆಗೆ ಸೇರಿಸುತ್ತದೆ, ಎಳೆಯುತ್ತದೆ. ಅಸ್ಥಿರಜ್ಜು ಮೂಳೆಯನ್ನು ಮೂಳೆಗೆ ಸೇರಿಸುತ್ತದೆ, ಹಿಡಿದುಕೊಳ್ಳುತ್ತದೆ.

ನನಗೆ 22 ವರ್ಷವಿದ್ದಾಗ ಮೈಸೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಉಳುಮೆಯ ಬಗ್ಗೆ ಬರೆಯುತ್ತಾ “ಎತ್ತು, ನೊಗ, ನೇಗಿಲನ್ನು ಹಗ್ಗದಿಂದ ಕಟ್ಟಿರುತ್ತಾರೆ” ಎಂದಿದ್ದೆ. ಹಿರಿಯ ಸಂಪಾದಕರು ಹಾಳೆ ತಿರುಗಿಸಿ ನನ್ನ ಮುಂದಿಟ್ಟರು. “ಯಾವುದನ್ನ ಯಾವುದಕ್ಕೆ ಕಟ್ತಾರಪ್ಪ?” ಬಾಯಿ ಬರಲಿಲ್ಲ. ಮರುದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಬಸ್ಸು ಹತ್ತಿಸಿದರು. ಅಲ್ಲಿ ಗದ್ದೆಯಲ್ಲಿ ಕೂತು ನೋಡಿದೆ: ಎತ್ತಿನ ಕೊರಳನ್ನು ನೊಗಕ್ಕೆ ಸೇರಿಸುವುದು ಜತ್ತಿಗೆ, ನೊಗವನ್ನು ನೇಗಿಲಿನ ಈಸಿಗೆ, ಎಂದರೆ ಉದ್ದನೆಯ ಮರದ ದಂಡಕ್ಕೆ, ಬಿಗಿಯುವುದು ಮಿಣಿ. ಒಂದು ಎಳೆಯುವ ಜೀವವನ್ನು ಮರಕ್ಕೆ ಕಟ್ಟುತ್ತದೆ, ಇನ್ನೊಂದು ಮರವನ್ನು ಮರಕ್ಕೆ. ನಿಮ್ಮ ಎರಡು ರಜ್ಜುಗಳ ಭೇದವೂ ಇದೇ. ಮಂಡ್ಯದವರು ನೀವು, ಇದು ನಿಮ್ಮ ಕಣ್ಣೆದುರೇ ಇತ್ತು.

ಈಗ ಕಿವಿಗೆ ಬನ್ನಿ. ಮಧ್ಯಕಿವಿಯ ಮೂರು ಮೂಳೆಗಳು ಸುತ್ತಿಗೆ, ಅಡಿಗಲ್ಲು ಮತ್ತು ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ ರಿಕಾಪು. ಅಲ್ಲಿರುವ ಸ್ನಾಯುಗಳು ಎರಡೇ: ಟೆನ್ಸರ್ ಟಿಂಪನಿ, ಸ್ಟೇಪಿಡಿಯಸ್. ಟೆನ್ಸರ್ ಟಿಂಪನಿಯ ರಜ್ಜು ಮೂಳೆಯ ಒಂದು ಪುಟ್ಟ ಕೊಕ್ಕೆಯನ್ನು ಸುತ್ತಿ, ರಾಟೆ ಮೇಲಿನ ಹಗ್ಗದಂತೆ ಥಟ್ಟನೆ ದಿಕ್ಕು ಬದಲಿಸಿ, ಸುತ್ತಿಗೆ ಮೂಳೆಯ ಹಿಡಿಯ ಮೇಲ್ತುದಿಗೆ ಹೋಗಿ ಸೇರುತ್ತದೆ. ಸುಮಾರು 6 ಮಿಲಿಮೀಟರ್ ಉದ್ದದ ಸ್ಟೇಪಿಡಿಯಸ್ ನಮ್ಮ ಅಸ್ಥಿಪಂಜರದ ಸ್ನಾಯುಗಳಲ್ಲೇ ಅತಿ ಚಿಕ್ಕದು. ಅದು ಮೂಳೆಯ ಗೋಪುರದಂಥ ಉಬ್ಬಿನೊಳಗೆ ಅಡಗಿರುತ್ತದೆ. ಅದರ ರಜ್ಜು ಮಾತ್ರ ತುದಿಯ ತೂತಿನಿಂದ ಹೊರಬಂದು ರಿಕಾಪು ಮೂಳೆಯ ಕತ್ತನ್ನು ಹಿಡಿಯುತ್ತದೆ. ಇದನ್ನು ಬರೆಯದೆ ಹೇಗೆ ಬಿಟ್ಟಿರಿ?

ಅಸ್ಥಿರಜ್ಜುಗಳಲ್ಲಿ ಒಂದು ಸುತ್ತಿಗೆಯ ತಲೆಯನ್ನು ಮೇಲಿನ ಛಾವಣಿಗೆ ತೂಗುಹಾಕುತ್ತದೆ, ಇನ್ನೊಂದು ಅಡಿಗಲ್ಲು ಮೂಳೆಯ ಗಿಡ್ಡ ಕಾಲನ್ನು ಹಿಂದಿನ ಗೋಡೆಗೆ ಹಿಡಿಸುತ್ತದೆ. ರಿಕಾಪಿನ ಪಾದದ ಸುತ್ತ ಇರುವುದು ಉಂಗುರದಂಥದ್ದು. ಪಾದವನ್ನು ಒಳಕಿವಿಯ ಅಂಡಾಕಾರದ ಕಿಂಡಿಯಲ್ಲಿ ಕೂರಿಸಿಯೂ ಅಲುಗಾಡಲು ಬಿಡುತ್ತದೆ. ಅದು ಗಡುಸಾಗಿ ರಿಕಾಪು ಕಚ್ಚಿಕೊಂಡರೆ ಕಿವಿ ಮಂದವಾಗುತ್ತದೆ.

ಇನ್ನೊಂದು ವಾಕ್ಯ: “ಪಟಾಕಿ ಸಿಡಿದಾಗ ಈ ಸ್ನಾಯುಗಳು ಕಿವಿಯನ್ನು ಮುಚ್ಚಿಬಿಡುತ್ತವೆ.” ಇಲ್ಲ. ಜೋರು ಸದ್ದಿಗೆ ಸ್ಟೇಪಿಡಿಯಸ್ ರಿಕಾಪನ್ನು ಎಳೆದು ಮೂಳೆಗಳ ಸರಪಳಿಯನ್ನು ಬಿಗಿಮಾಡುತ್ತದೆ, ಒಳಗೆ ಹೋಗುವ ಸದ್ದು ತಗ್ಗುತ್ತದೆ, ಅಷ್ಟೆ. ಅದೂ ಸದ್ದು ಒಳಗೆ ಮುಟ್ಟಿದ ಮೇಲೆ. ಪಟಾಕಿ ಅಷ್ಟು ಹೊತ್ತು ಕಾಯುವುದಿಲ್ಲ. ಈ ವಾಕ್ಯ ನಂಬಿ ಯಾವುದೋ ಮಗು ಕಿವಿ ಮುಚ್ಚಿಕೊಳ್ಳದೆ ನಿಂತರೆ ಏನು ಗತಿ?

ಎರಡನೇ ಪುಟವೊಂದನ್ನೇ ಮತ್ತೆ ಬರೆದು ಕಳಿಸಿ. ಪ್ರತಿ ರಜ್ಜು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆ ಎಂದು ಮೊದಲು ಕೈಯಾರೆ ಚಿತ್ರ ಬಿಡಿಸಿಕೊಳ್ಳಿ. ಚಿತ್ರವನ್ನೂ ಜೊತೆಗೇ ಕಳಿಸಿ, ಲೇಖನದ ಪಕ್ಕದಲ್ಲಿ ಅಚ್ಚುಹಾಕುವ ಮನಸ್ಸಿದೆ.