ಸ್ತೋತ್ರಕ್ಕಿಂತ ಮೊದಲು ಆ ನೀರಿನ ಬಾಟಲಿ

ಸಹೋದರಿ, ವಂದನೆ.

‘ಕಷ್ಟದಲ್ಲೂ ಕೃತಜ್ಞತೆ’ ಅಂತ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಹಾಗಂತ ಕೈಬಿಡುವ ಮನಸ್ಸೂ ಇಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ತಂದೆಯವರ ಎರಡೂ ಕಿಡ್ನಿ ಕೆಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಓಡಾಡುತ್ತಿರುವ ಮನೆ ನಿಮ್ಮದು. ಅಷ್ಟು ದೊಡ್ಡ ವಿಷಯ ಮೊದಲ ಪ್ಯಾರಾದ ಎರಡು ಸಾಲಿನಲ್ಲಿ ಮುಗಿದುಹೋಗಿದೆ. ಆಮೇಲೆ ಮೂರು ಪುಟ ಸತ್ಯವೇದದ, ಅಂದರೆ ಬೈಬಲಿನ, ವಚನದ ಮೇಲೆ ವಚನ, ‘ನಾವೆಲ್ಲರೂ ದೇವರಿಗೆ ಕೃತಜ್ಞರಾಗಿರಬೇಕು’ ಅನ್ನುವ ಒಂದೇ ಮಾತು ಬೇರೆ ಬೇರೆ ರೀತಿಯಲ್ಲಿ. ಅದನ್ನು ಭಾನುವಾರ ಚರ್ಚಿನಲ್ಲಿ ಪ್ರಸಂಗ ಮಾಡುವ ಅಯ್ಯನವರು ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ನಿಮ್ಮಿಂದ ನನಗೆ ಬೇಕಿರುವುದು ಅವರಿಗೆ ಗೊತ್ತಿಲ್ಲದ್ದು.

ಎರಡನೇ ಪುಟದ ಕೊನೆಯಲ್ಲಿ ಒಂದು ಸಾಲಿದೆ. ತಂದೆಯವರು ಬೆಳಿಗ್ಗೆ ಎದ್ದು ಆ ದಿನ ಕುಡಿಯಬಹುದಾದ ನೀರನ್ನೆಲ್ಲ ಒಂದೇ ಬಾಟಲಿಗೆ ಅಳೆದು ತುಂಬಿಕೊಳ್ಳುತ್ತಾರೆ, ಚರ್ಚಿನಲ್ಲಿ ಕರ್ತನ ಭೋಜನ (ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು) ಇರುವ ಭಾನುವಾರ ಆ ಪುಟ್ಟ ಲೋಟದ ದ್ರಾಕ್ಷಾರಸವನ್ನೂ ಲೆಕ್ಕಕ್ಕೆ ಹಿಡಿದು ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲಿಬಿಡುತ್ತಾರೆ ಅಂತ. ನಿಮ್ಮ ಲೇಖನ ಇರುವುದೇ ಇಲ್ಲಿ. ಇದನ್ನು ಬರೆದ ಕೂಡಲೇ ನೀವು ಅಪೊಸ್ತಲ ಪೌಲನು ರೋಮಾಪುರದವರಿಗೆ ಬರೆದ ಪತ್ರದ ವಚನಗಳಿಗೆ ಓಡಿಹೋಗಿದ್ದೀರಿ. ಓಡಬೇಡಿ, ಸ್ವಲ್ಪ ನಿಲ್ಲಿ.

ಡಯಾಲಿಸಿಸ್ ಆಗುವವರು ನೀರನ್ನು ಯಾಕೆ ಅಳೆಯಬೇಕು ಅಂತ ಎಷ್ಟೋ ಓದುಗರಿಗೆ ಗೊತ್ತಿಲ್ಲ. ಮೂತ್ರ ಸರಿಯಾಗಿ ಹೋಗದ ಮೈಯಲ್ಲಿ ಕುಡಿದದ್ದು ಮುಂದಿನ ಡಯಾಲಿಸಿಸ್‌ವರೆಗೆ ಒಳಗೇ ನಿಲ್ಲುತ್ತದೆ, ಕಾಲು ಊದಿಕೊಳ್ಳುತ್ತದೆ, ಜಾಸ್ತಿಯಾದರೆ ಉಸಿರೇ ಕಟ್ಟುತ್ತದೆ. ಸಾರು, ಮಜ್ಜಿಗೆ, ಚಹಾ ಎಲ್ಲವೂ ಆ ಲೆಕ್ಕಕ್ಕೇ ಸೇರುತ್ತದೆ. ಇದನ್ನು ಹೇಳಿ. ಗದಗ-ಬೆಟಗೇರಿಯ ಏಪ್ರಿಲ್ ಬಿಸಿಲಿನಲ್ಲಿ ಬಾಯಿ ಒಣಗಿದಾಗ ಅವರು ಏನು ಮಾಡುತ್ತಾರೆ, ಬಾಟಲಿ ಸಂಜೆಗೆ ಮೊದಲೇ ಖಾಲಿಯಾದ ದಿನ ಮನೆಯಲ್ಲಿ ಯಾರು ಯಾರ ಮೇಲೆ ರೇಗುತ್ತಾರೆ, ಅದನ್ನೂ ಹೇಳಿ. ಇಷ್ಟೆಲ್ಲ ಗೊತ್ತಾದ ಮೇಲೆ ಆ ಮನುಷ್ಯ ಲೋಟ ಎತ್ತಿ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ, ಹೇಳಿದರೆ ಅದರ ಬೆಲೆ ಓದುವವರಿಗೆ ತಾನಾಗಿ ತಿಳಿಯುತ್ತದೆ. ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದ್ದು ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ, ಅಲ್ವಾ? ಪೌಲನು ಕೊರಿಂಥದವರಿಗೆ ಬರೆಯುವಾಗ ಮೊದಲು ಆ ರಾತ್ರಿಯನ್ನು ಹೇಳಿಯೇ ಸ್ತೋತ್ರಕ್ಕೆ ಬರುತ್ತಾನೆ. ಲೇಖನಕ್ಕೆ ಒಂದು ವಚನ ಬೇಕೇ ಬೇಕು ಅನ್ನಿಸಿದರೆ ಇದೊಂದನ್ನು ಇಟ್ಟುಕೊಳ್ಳಿ, ಉಳಿದದ್ದು ತೆಗೆಯಿರಿ.

‘ಯೆಹೋವನೇ ಕೊಟ್ಟನು, ಯೆಹೋವನೇ ತೆಗೆದುಕೊಂಡನು’ ಅನ್ನುವುದನ್ನು ಎರಡು ಕಡೆ ಹಾಕಿದ್ದೀರಿ. ಅದು ಯೋಬನ ಪುಸ್ತಕದ 1ನೇ ಅಧ್ಯಾಯ, ಮಕ್ಕಳು ಆಸ್ತಿ ಎಲ್ಲ ಕಳೆದುಕೊಂಡವನ ಮಾತು. 3ನೇ ಅಧ್ಯಾಯಕ್ಕೆ ಬಂದರೆ ಅದೇ ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. 42 ಅಧ್ಯಾಯದ ಪುಸ್ತಕದಲ್ಲಿ ಬಹುಪಾಲು ವಾದ, ಪ್ರಶ್ನೆ, ಗೋಳು. ಕೊನೆಗೆ ದೇವರ ಕೋಪಕ್ಕೆ ಸಿಕ್ಕಿದ್ದು ಗೋಳಾಡಿದ ಯೋಬ ಅಲ್ಲ, ದೇವರ ಪರ ವಕಾಲತ್ತು ಮಾಡಿದ ಗೆಳೆಯರು. 13ನೇ ಕೀರ್ತನೆ ‘ಇನ್ನು ಎಷ್ಟರವರೆಗೆ ನನ್ನನ್ನು ಮರೆತಿರುವಿ’ ಅಂತ ಶುರುವಾಗಿ ಆರೇ ವಚನದಲ್ಲಿ ಹಾಡಿಗೆ ಬಂದು ಮುಟ್ಟುತ್ತದೆ. 88ನೇ ಕೀರ್ತನೆ ಅಲ್ಲಿಗೂ ಬರುವುದಿಲ್ಲ, ಕತ್ತಲಲ್ಲೇ ಮುಗಿಯುತ್ತದೆ, ಆದರೂ ಅದು ಸತ್ಯವೇದದಲ್ಲಿದೆ. ನಿಮ್ಮ ತಾಯಿ ಆಸ್ಪತ್ರೆಯ ಹೊರಗೆ ಬೆಂಚಿನ ಮೇಲೆ ಕೂತು ಅತ್ತದ್ದನ್ನು ಬರೆದು, ‘ಆದರೆ ಅದು ವಿಶ್ವಾಸದ ಕೊರತೆ’ ಅಂತ ಸೇರಿಸಿದ್ದೀರಿ. ದಯವಿಟ್ಟು ಆ ಸಾಲು ಹೊಡೆದುಹಾಕಿ. ತಾಯಿ ಅತ್ತದ್ದು ಹಾಗೇ ಇರಲಿ.

ಪೌಲ ಮತ್ತು ಅವನ ಜೊತೆಗಾರ ಸೀಲ ಸೆರೆಮನೆಯಲ್ಲಿದ್ದ ಕಥೆಯಲ್ಲಿ ಕ್ರಮ ತಪ್ಪಿದೆ. ಅವರು ಹಾಡಿದ್ದರಿಂದ ಬಾಗಿಲು ತೆರೆಯಿತು ಅನ್ನುವ ಹಾಗೆ ಬರೆದಿದ್ದೀರಿ. ಫಿಲಿಪ್ಪಿಯ ಸೆರೆಮನೆಯಲ್ಲಿ ಮಧ್ಯರಾತ್ರಿ ಹಾಡುವಾಗ ಭೂಕಂಪ ಬಂದು ಬಾಗಿಲು ತೆರೆಯುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಮೈತುಂಬ ಹೊಡೆತ, ಕಾಲಿಗೆ ಕೋಳ. ಸೆರೆಯ ಯಜಮಾನ ಗಾಯ ತೊಳೆದದ್ದು ಬಾಗಿಲು ತೆರೆದ ಮೇಲೆ, ಅಂದರೆ ಹಾಡುವಾಗ ಗಾಯ ಇನ್ನೂ ಹಸಿಹಸಿ. ಅಪೊಸ್ತಲರ ಕೃತ್ಯಗಳು 16, ಇನ್ನೊಂದು ಸಲ ನಿಧಾನವಾಗಿ ಓದಿ.

ಇನ್ನೊಂದು ಪ್ಯಾರಾ ಪೂರ್ತಿ ತೆಗೆಯಬೇಕು. ‘ಪಕ್ಕದ ಬೆಡ್ಡಿನವರಿಗೆ ನೋಡಿಕೊಳ್ಳಲು ಮಕ್ಕಳೂ ಇಲ್ಲ, ನಮ್ಮ ಸ್ಥಿತಿ ಎಷ್ಟೋ ಮೇಲು, ದೇವರಿಗೆ ಸ್ತೋತ್ರ’ ಅಂತ ಬರೆದಿದ್ದೀರಲ್ಲ, ಅದು. ಹಾಗೆ ಅನ್ನಿಸುವುದು ಸಹಜ, ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಲೂಕ 18ರಲ್ಲಿ ತಾನೇ ನೀತಿವಂತ ಅಂದುಕೊಂಡ ಫರಿಸಾಯನ ಪ್ರಾರ್ಥನೆ ಶುರುವಾಗುವುದೂ ಸ್ತೋತ್ರದಿಂದಲೇ: ನಾನು ಉಳಿದವರ ಹಾಗಲ್ಲವಲ್ಲ, ಅದಕ್ಕೆ ನಿನಗೆ ಸ್ತೋತ್ರ. ಆ ಪಕ್ಕದ ಬೆಡ್ಡಿನವರು ನಮ್ಮ ಪತ್ರಿಕೆ ಓದಬಹುದು. ‘ವಿಶ್ವಾಸವಿದ್ದರೆ ಖಂಡಿತ ವಾಸಿಯಾಗುತ್ತದೆ’ ಅನ್ನುವುದೂ ಹೋಗಲಿ. ಪೌಲನು ತನ್ನ ಶರೀರದಲ್ಲಿ ಶೂಲ ನಾಟಿದಂತಿದ್ದ ಬಾಧೆ ತೆಗೆ ಅಂತ ಮೂರು ಸಲ ಬೇಡಿಕೊಂಡ, ಸಿಕ್ಕಿದ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’. ಆ ವಾರ್ಡಿನಲ್ಲಿ ವಿಶ್ವಾಸವಿದ್ದೂ ತೀರಿಹೋದವರ ಮಕ್ಕಳು ಈ ಸಾಲು ಓದಿದರೆ ಏನಾಗುತ್ತದೆ ಅಂತ ಯೋಚಿಸಿ.

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಬರವಣಿಗೆ ಒಲಿದಿದೆ. ಆದರೆ ತಂದೆಯವರ ಬಾಯಲ್ಲಿ ‘ಹೇ ಪರಮಪಿತನೇ, ನಿನ್ನ ಚಿತ್ತದಂತೆಯೇ ನೆರವೇರಲಿ’ ಅಂತ ಹೇಳಿಸಿದ್ದೀರಿ. ನಿಜಕ್ಕೂ ಹೀಗೇ ಅಂದರಾ? ಸೂಜಿ ಚುಚ್ಚುವಾಗ ಅವರು ‘ಇವತ್ತಿಂದೊಂದು ದಾಟಿಸಪಾ ತಂದಿ’ ಅಂದಿದ್ದರೆ ಅದನ್ನೇ ಬರೆಯಿರಿ. ಏನೂ ಅನ್ನದೆ ಸುಮ್ನೆ ಕಣ್ಣು ಮುಚ್ಚಿದ್ದರೆ ಅದನ್ನು ಬರೆಯಿರಿ.

ಎರಡು ಪುಟ ಸಾಕು. ಸುಗ್ಗಿ ಹಬ್ಬದ ಸಂಚಿಕೆಗೆ ಜಾಗ ಹಿಡಿದಿಟ್ಟಿರುತ್ತೇನೆ. ಬರೆದಾದ ಮೇಲೆ ಮೊದಲು ತಂದೆಯವರಿಗೆ ಓದಿ ಹೇಳಿ. ಅವರ ಕಾಯಿಲೆ, ಅವರ ಬಾಟಲಿ. ಎಲ್ಲಿ ಬೇಡ ಅನ್ನುತ್ತಾರೋ ಅಲ್ಲಿ ತೆಗೆದು, ಒಪ್ಪಿದರೆ ಮಾತ್ರ ನನಗೆ ಕಳಿಸಿ.