ಓದುಗರ ಪ್ರಶ್ನೆ: ನಮ್ಮೂರ ಬಸ್ಸು ಯಾರ ಕೈಯಲ್ಲಿದೆ?

ಪ್ರಶ್ನೆ: ನಮ್ಮೂರಿಗೆ ಬೆಳಿಗ್ಗೆ ಎಂಟೂವರೆಗೆ ಒಂದೇ ಬಸ್ಸು. ಬರುವಾಗಲೇ ತುಂಬಿರುತ್ತದೆ, ಕಾಲೇಜು ಮಕ್ಕಳು ಬಾಗಿಲಲ್ಲಿ ಜೋತುಬಿದ್ದು ಹೋಗುತ್ತಾರೆ. ‘ಇನ್ನೊಂದು ಬಸ್ಸು ಬಿಡಿ’ ಎಂದು ಪಂಚಾಯಿತಿಯಿಂದ ಎರಡು ಸಲ ಬರೆದರೂ ಉತ್ತರವಿಲ್ಲ.
(ಸೊರಬ ತಾಲ್ಲೂಕಿನ ಓದುಗರು)

ಉತ್ತರ: ‘ಇನ್ನೊಂದು ಬಸ್ಸು’ ಎಂದರೆ ಡಿಪೋ ಲೆಕ್ಕದಲ್ಲಿ ಒಂದು ಗಾಡಿ, ಒಬ್ಬ ಚಾಲಕ, ಒಬ್ಬ ನಿರ್ವಾಹಕ, ಅವರ ವಾರದ ರಜೆಗೆ ಬದಲಿ ಸಿಬ್ಬಂದಿ. ಇಷ್ಟೆಲ್ಲ ಬೇಡುವ ಅರ್ಜಿ ಫೈಲಿನ ತಳ ಸೇರುವುದು ಸಹಜ. ಅದರ ಬದಲು ಈಗಿರುವ ಗಾಡಿಯ ಹೊತ್ತನ್ನು ಅರ್ಧ ಗಂಟೆ ಬೇಗ ಮಾಡಿ ಎಂದೋ, ಪಕ್ಕದ ಊರಿನಲ್ಲಿ ತಿರುಗಿ ವಾಪಸಾಗುವ ಬಸ್ಸನ್ನು ನಮ್ಮೂರಿನ ತನಕ ಕಳಿಸಿ ಎಂದೋ ಕೇಳಿ. ಪ್ರತಿ ಶೆಡ್ಯೂಲಿಗೂ, ಅಂದರೆ ಒಂದು ಗಾಡಿಯ ನಿಗದಿತ ಓಡಾಟಕ್ಕೂ, ಡಿಪೋದಲ್ಲಿ ‘ಫಾರಂ–4’ ಎಂಬ ಹಾಳೆ ಇರುತ್ತದೆ. ಯಾವ ಸ್ಟಾಪಿನಿಂದ ಎಷ್ಟು ಹೊತ್ತಿಗೆ ಹೊರಡಬೇಕು, ಎಲ್ಲಿಗೆ ಎಷ್ಟಕ್ಕೆ ಮುಟ್ಟಬೇಕು, ಒಟ್ಟು ಎಷ್ಟು ಕಿಲೋಮೀಟರ್ ಎಲ್ಲವೂ ಅದರಲ್ಲಿ. ನಿಮಗೆ ಬದಲಾಗಬೇಕಿರುವುದು ಆ ಹಾಳೆ.

ಅರ್ಜಿಗೆ ಮುಂಚೆ ಸೋಮವಾರದಿಂದ ಶನಿವಾರದವರೆಗೆ ಯಾರಾದರೂ ಸ್ಟಾಪಿನಲ್ಲಿ ನಿಂತು ಬರೆದುಕೊಳ್ಳಲಿ: ಬಸ್ಸು ನಿಜವಾಗಿ ಬಂದ ಹೊತ್ತು, ಹತ್ತಿದವರು, ಹತ್ತಲಾಗದೆ ಉಳಿದವರು, ಅವರಲ್ಲಿ ಪಾಸಿನ ವಿದ್ಯಾರ್ಥಿಗಳೆಷ್ಟು. ಕಾಲೇಜು ಎಷ್ಟಕ್ಕೆ ಶುರು ಎಂಬುದನ್ನೂ, ನಿಮ್ಮ ಮಾರ್ಗದ ಪಾಸುದಾರರ ಪಟ್ಟಿಯನ್ನೂ ಪ್ರಾಂಶುಪಾಲರ ಸಹಿಯೊಂದಿಗೆ ಪಡೆಯಿರಿ. ಪಂಚಾಯಿತಿ ಸಭೆಯ ನಡಾವಳಿಯ ನಕಲು ಜೊತೆಗಿರಲಿ. ಅರ್ಜಿ ಸಾರಿಗೆ ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಗೆ, ಅದರ ನಕಲು ಡಿಪೋ ವ್ಯವಸ್ಥಾಪಕರಿಗೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಶಾಸಕರ ಪತ್ರ ಇದ್ದರೆ ಒಳ್ಳೆಯದೇ, ಆದರೆ ಅಂಕಿಯಿಲ್ಲದ ಪತ್ರಕ್ಕೆ ‘ಪರಿಶೀಲಿಸಲಾಗುವುದು’ ಎಂಬ ಒಂದು ಸಾಲು ಬರುತ್ತದೆ, ಅಷ್ಟೆ.

ಮಾರ್ಗ ಮುಂದುವರಿಸಲು ಕೇಳುವುದಾದರೆ ರಸ್ತೆ ನೋಡಲು ನಿಗಮದವರು ಬರುತ್ತಾರೆ. ಬಹಳಷ್ಟು ಊರುಗಳು ಸೋಲುವುದು ಅಲ್ಲಿಯೇ. ದೊಡ್ಡ ಬಸ್ಸು ರಿವರ್ಸ್ ಹಾಕದೆ ಒಂದೇ ಸುತ್ತಿಗೆ ತಿರುಗಲು ಸುಮಾರು 25 ಮೀಟರ್ ಅಗಲದ ಬಯಲು ಬೇಕು. ಅಷ್ಟಿಲ್ಲದಿದ್ದರೆ ಮೂರು ರಸ್ತೆ ಕೂಡುವಲ್ಲಿ ಹಿಂದೆ-ಮುಂದೆ ಮಾಡಿ ತಿರುಗಿಸಬಹುದು, ಆದರೆ ಆ ಜಾಗದಲ್ಲಿ ಜಲ್ಲಿ ರಾಶಿ, ನಿಂತ ಟ್ರ್ಯಾಕ್ಟರ್ ಇರಕೂಡದು. ರಸ್ತೆಗೆ ಬಾಗಿದ ಕೊಂಬೆ, ಜೋತ ಕರೆಂಟು ತಂತಿ, ಅಂಚು ಕುಸಿದ ಮೋರಿ, ಇವನ್ನು ಪಂಚಾಯಿತಿ ಮೊದಲೇ ಸರಿಪಡಿಸಿಟ್ಟಿರಲಿ. ತಂತಿಗೆ ಮೆಸ್ಕಾಂಗೆ ಬರೆಯಬೇಕು. ಬೆಳಗಿನ ಬಸ್ಸೇ ಮುಖ್ಯ ಎಂದಾದರೆ ರಾತ್ರಿ ಹಾಲ್ಟಿಂಗ್ ಬಸ್ಸು ಕೇಳಿ: ಸಂಜೆ ಬಂದು ತಂಗಿ, ನಸುಕಿಗೆ ಊರಿಂದಲೇ ಹೊರಡುತ್ತದೆ. ಸಿಬ್ಬಂದಿಗೆ ಬೀಗ ಹಾಕಬಹುದಾದ ಕೋಣೆ, ನೀರು, ಶೌಚಾಲಯ ಕೊಡುವುದಾಗಿ ಪಂಚಾಯಿತಿ ಬರೆದುಕೊಡಬೇಕು. ಕೋಣೆಯಲ್ಲಿ ಆಮೇಲೆ ರಸಗೊಬ್ಬರದ ಚೀಲ ತುಂಬಿಟ್ಟರೆ ಹಾಲ್ಟಿಂಗ್ ಬಹಳ ದಿನ ಉಳಿಯುವುದಿಲ್ಲ.

ಪ್ರಶ್ನೆ: ಪುಣೆ, ಮುಂಬೈಗಳಲ್ಲಿ ನಗರಪಾಲಿಕೆಯೇ ಬಸ್ಸು ಓಡಿಸುತ್ತದೆ. ನಮ್ಮಲ್ಲೇಕಿಲ್ಲ?
(ದಾವಣಗೆರೆಯ ಓದುಗರು)

ಉತ್ತರ: ಮುಂಬೈಯ ಬಸ್ ಸಂಸ್ಥೆ ಬೆಸ್ಟ್ 1947ರಿಂದ ಪಾಲಿಕೆಯದು. ಪುಣೆ ಮತ್ತು ಪಿಂಪ್ರಿ-ಚಿಂಚವಡದ ಬಸ್ಸುಗಳು 2007ರಲ್ಲಿ ಒಂದೇ ಸಂಸ್ಥೆಯಾದವು, ಅದರ ನಷ್ಟ ಎರಡೂ ಪಾಲಿಕೆಗಳ ತಲೆಗೆ. ಕರ್ನಾಟಕದ ದಾರಿ ಬೇರೆ. ಬೆಂಗಳೂರಿನ ಬಸ್ಸುಗಳನ್ನು 1956ರಲ್ಲಿ ಸರ್ಕಾರವೇ ವಹಿಸಿಕೊಂಡಿತು, 1997ರಲ್ಲಿ ಬಿಎಂಟಿಸಿ ಬೇರೆಯಾಯಿತು. ಇಂದು ನಾಲ್ಕು ನಿಗಮಗಳೂ ರಾಜ್ಯದವು. ಮಂಗಳೂರು, ಉಡುಪಿಯ ಖಾಸಗಿ ಸಿಟಿ ಬಸ್ಸುಗಳಿಗೆ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ತೆರಿಗೆ ವಸೂಲಿಯೇ ಕಷ್ಟವಾದ ಪಾಲಿಕೆಯ ಮೇಲೆ ಬಸ್ಸಿನ ನಷ್ಟ ಹೇರದಿರುವುದೇ ಮೇಲು ಎಂದು ನನ್ನ ಅಭಿಪ್ರಾಯ. ಆದರೆ ಬಸ್ಸು ಹೊತ್ತಿಗೆ ಸರಿಯಾಗಿ ಓಡುವುದೋ ಇಲ್ಲವೋ ಎಂಬುದು ರಸ್ತೆ, ಸ್ಟಾಪು, ಪಾರ್ಕಿಂಗ್ ಮೇಲೆ ನಿಂತಿದೆ. ಅವುಗಳಲ್ಲಿ ಪಾಲಿಕೆಯ ಪಾಲು ದೊಡ್ಡದು. ಹುಬ್ಬಳ್ಳಿ-ಧಾರವಾಡದ ನಡುವಿನ ‘ಚಿಗರಿ’ ಬಸ್ಸುಗಳನ್ನೇ ನೋಡಿ: ಓಡಿಸುವುದು ಸಾರಿಗೆ ನಿಗಮ, ಆದರೆ ವೇಗ ಸಿಕ್ಕಿದ್ದು ರಸ್ತೆ ಮಧ್ಯದ ಪ್ರತ್ಯೇಕ ಪಥದಿಂದ.

ಪ್ರಶ್ನೆ: ನಗರಸಭೆ ಹೊಸ ತಂಗುದಾಣ ಕಟ್ಟಿಸಿತು. ಬಸ್ಸು ಮಾತ್ರ ಐವತ್ತು ಅಡಿ ಮುಂದೆ, ನಡುರಸ್ತೆಯಲ್ಲೇ ನಿಲ್ಲುತ್ತದೆ. ಚಾಲಕರಿಗೆ ಹೇಳುವವರಿಲ್ಲವೇ?
(ಹಾಸನದ ಓದುಗರು)

ಉತ್ತರ: ಚಾಲಕರನ್ನು ಬೈಯುವ ಮುಂಚೆ ಟೇಪು ಹಿಡಿದು ಅಳೆಯಿರಿ. 12 ಮೀಟರ್ ಬಸ್ಸು ರಸ್ತೆ ಬದಿಯ ಕಲ್ಲಂಚಿಗೆ ಸಮಾನಾಂತರವಾಗಿ ನಿಲ್ಲಲು ಕನಿಷ್ಠ 15 ಮೀಟರ್ ನೇರ ಜಾಗ ಬೇಕು. ಒಳಬರಲು ಹಿಂದೆ, ಹೊರಹೋಗಲು ಮುಂದೆ ಓರೆ ಜಾಗ ಬೇರೆ. ಅದು ಕಡಿಮೆಯಾದರೆ ಬಸ್ಸಿನ ಹಿಂಭಾಗ ರಸ್ತೆಯಲ್ಲೇ ಉಳಿಯುತ್ತದೆ, ಎರಡು ಆಟೋ ನಿಂತಿದ್ದರಂತೂ ಒಳಗೆ ಹೋಗುವ ಮಾತೇ ಇಲ್ಲ. ಇನ್ನೊಂದು ತಪ್ಪು, ತಂಗುದಾಣವನ್ನು ಸಿಗ್ನಲ್‌ಗೆ ಮೊದಲೇ ಕಟ್ಟುವುದು: ಕೆಂಪು ದೀಪಕ್ಕೆ ನಿಂತ ವಾಹನಗಳ ಸಾಲಿನ ಹಿಂದೆ ಬಸ್ಸು ಸಿಕ್ಕಿಕೊಳ್ಳುತ್ತದೆ, ಜನ ಸಾಲಿನ ನಡುವೆ ನುಸುಳಿ ಓಡುತ್ತಾರೆ. ಸಿಗ್ನಲ್ ದಾಟಿದ ಮೇಲೆ, ಎರಡು ಬಸ್ಸು ಒಟ್ಟಿಗೆ ನಿಂತರೂ ವೃತ್ತಕ್ಕೆ ಅಡ್ಡವಾಗದಷ್ಟು ಮುಂದೆ ಇರಬೇಕು. ಜಾಹೀರಾತು ಫಲಕ ಚೆನ್ನಾಗಿ ಕಾಣುವ ಜಾಗ, ಬಸ್ಸು ನಿಲ್ಲುವ ಜಾಗ ಎರಡೂ ಒಂದೇ ಆಗಿರುವುದು ಅಪರೂಪ. ನಗರಸಭೆ, ಸಂಚಾರ ಪೊಲೀಸ್, ಸಾರಿಗೆ ನಿಗಮದ ಜಂಟಿ ಸ್ಥಳ ಪರಿಶೀಲನೆ ಕೇಳಿ ಪೌರಾಯುಕ್ತರಿಗೆ ಬರೆಯಿರಿ. ಆಟೋ ನಿಲ್ದಾಣ ಸರಿಸಿ ಹಳದಿ ಗೆರೆ ಬಳಿಸುವುದಕ್ಕೆ ಹೊಸ ಟೆಂಡರೇನೂ ಬೇಡ.

ಪ್ರಶ್ನೆ: ಪ್ರಯಾಣ ಉಚಿತವಾದ ಮೇಲೆ ಹೆಂಗಸರು ಟಿಕೆಟ್ ಯಾಕೆ ತೆಗೆದುಕೊಳ್ಳಬೇಕು?
(ಕೊಪ್ಪಳದ ಓದುಗರು)

ಉತ್ತರ: 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಲ್ಲಿ ಸರ್ಕಾರ ನಿಗಮಕ್ಕೆ ಹಣ ತುಂಬಿಕೊಡುವುದು ಶೂನ್ಯ ಟಿಕೆಟ್‌ಗಳ ಲೆಕ್ಕದ ಮೇಲೆ. ನಿಮ್ಮ ಮಾರ್ಗದಲ್ಲಿ ಎಷ್ಟು ಜನ ಹತ್ತಿದರು ಎಂದು ಡಿಪೋಗೆ ತಿಳಿಯುವುದೂ ನಿರ್ವಾಹಕರ ಟಿಕೆಟ್ ಯಂತ್ರದಿಂದಲೇ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಕೇಳಿ ಪಡೆಯಿರಿ. ಎಸಿ, ಸ್ಲೀಪರ್, ರಾಜಹಂಸ ಬಸ್ಸುಗಳಿಗೆ ಇದು ಅನ್ವಯಿಸದು.