ಸರ್ಕಾರ ನಿಯಮ ಮಾಡುವಾಗ ನಮ್ಮಂಥ ಸಣ್ಣ ಅಂಗಡಿಯವರ ಮಾತು ಕೇಳುತ್ತಾರಾ?

ಬೇಕರಿ ಇಟ್ಟಿದ್ದೇನೆ, ನಿಯಮ ಬದಲಾಗಿದ್ದು ನೋಟಿಸ್ ಬಂದ ಮೇಲೇ ಗೊತ್ತಾಗುತ್ತೆ, ಮೊದಲೇ ನಮ್ಮ ಮಾತು ಹೇಳೋಕೆ ದಾರಿ ಇದೆಯಾ ಅಂತ ಕೇಳಿದ್ದೀರಿ. ಇದೆ. ಆದರೆ ಆ ಬಾಗಿಲು ತೆರೆದಿರುವಾಗ ನಾವು ಬಾಣಲೆ ಮುಂದೆ ನಿಂತಿರುತ್ತೇವೆ, ಅದೇ ಕಷ್ಟ. ನಾನೂ ನಿಪ್ಪಟ್ಟು, ಕೋಡುಬಳೆ ಮಾಡಿ ಮಾರುವವನೇ.

2025ರ ಜುಲೈ ನೆನಪಿದೆ ಅಲ್ವಾ? ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋಯಿತು. ನಮ್ಮ ಬೀದಿಯ ಟೀ ಅಂಗಡಿಯವರು ಕ್ಯೂಆರ್ ಸ್ಟಿಕ್ಕರ್ ಕಿತ್ತ ಅಂಟು ಇನ್ನೂ ಗಾಜಿನ ಮೇಲಿದೆ. 25ಕ್ಕೆ ಬಂದ್ ಅಂದರು. 23ಕ್ಕೆ ಮುಖ್ಯಮಂತ್ರಿ ಕರೆದು ಮಾತಾಡಿದರು. ಹಳೆ ಬಾಕಿ ವಸೂಲಿ ಮಾಡಲ್ಲ, ಮುಂದೆ ನೋಂದಣಿ ಮಾಡಿಸಿಕೊಳ್ಳಿ ಅಂದರು. ಬಂದ್ ನಿಂತಿತು.

ಅಂದರೆ ಕೂಗಿದರೆ ಕೇಳುತ್ತಾರೆ. ಆದರೆ ನಮಗೆ ಸಿಕ್ಕಿದ್ದು ಆ ಬಾಕಿಯಿಂದ ಬಿಡುಗಡೆ ಮಾತ್ರ. ವರ್ಷದ ವಹಿವಾಟು ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದರೆ ನೋಂದಣಿ ಅನ್ನುವ ಮಿತಿ ಒಂದು ರೂಪಾಯಿಯೂ ಅಲ್ಲಾಡಲಿಲ್ಲ. ಅದು ಅಲ್ಲಾಡುವುದು ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಕೇಂದ್ರದವರ ಜೊತೆ ಎಲ್ಲ ರಾಜ್ಯಗಳ ಮಂತ್ರಿಗಳೂ ಕೂರುತ್ತಾರೆ. ಸರಕಿನ ಮಿತಿ 20 ಲಕ್ಷದಿಂದ 40ಕ್ಕೆ ಏರಿದ್ದೂ ಅಲ್ಲೇ, 2019ರ ಏಪ್ರಿಲ್‌ನಿಂದ. ಹಾಗಾಗಿ ಆ ಮನವಿ ಸ್ಥಳೀಯ ಅಧಿಕಾರಿ ಕೈಗೆ ಕೊಟ್ಟು ಪ್ರಯೋಜನ ಇಲ್ಲ. ನಮ್ಮ ರಾಜ್ಯದಿಂದ ಅಲ್ಲಿಗೆ ಹೋಗುವ ಮಂತ್ರಿಗೆ, ಸಭೆಗೆ ಮೊದಲೇ ಮುಟ್ಟಬೇಕು.

ಕೇಂದ್ರದ ಬೇರೆ ಕಾಯ್ದೆ, ನಿಯಮಗಳಿಗೆ 2014ರಲ್ಲಿ ಒಂದು ನೀತಿ ಮಾಡಿದ್ದಾರೆ. ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು, ಬಂದ ಅಭಿಪ್ರಾಯ ನೋಡಬೇಕು ಅಂತ. ಇದು ನೀತಿ, ಕಾಯ್ದೆಯಲ್ಲ. ಎಷ್ಟೋ ಸಲ ಪಾಲಿಸುವುದೂ ಇಲ್ಲ. ಆದರೆ ಆಹಾರದ ನಿಯಮಗಳಿಗೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ಕರಡು ಹಾಕಿ ಆಕ್ಷೇಪ ಕೇಳುತ್ತದೆ. ಬೇಕರಿಯವರು ನೀವು, ಅದರ ವೆಬ್‌ಸೈಟನ್ನು ತಿಂಗಳಿಗೊಮ್ಮೆ ಸುಮ್ನೆ ಕಣ್ಣಾಡಿಸಿ.

ಇನ್ನು ಏನು ಬರೆಯಬೇಕು ಅನ್ನುವುದು. ಒಮ್ಮೆ ನಮ್ಮ ಸಂಘದ ಸಭೆಗೆ ಒಬ್ಬ ಅಧಿಕಾರಿ ಬಂದಿದ್ದರು. ಎಲ್ಲರೂ ಎದ್ದು ನಿಂತು "ತುಂಬಾ ತೊಂದರೆ ಆಗ್ತಿದೆ ಸಾರ್" ಅಂದೆವು. ಅವರು ತಲೆ ಆಡಿಸಿದರು, ಪೆನ್ನು ಜೇಬಿನಲ್ಲೇ ಇತ್ತು. ಕೊನೆಗೆ ಹಪ್ಪಳ ಮಾಡುವ ಒಬ್ಬ ಅಕ್ಕ ಒಂದು ಕಟ್ಟು ಖಾಲಿ ಪ್ಲಾಸ್ಟಿಕ್ ಕವರ್ ತಂದು ಮೇಜಿನ ಮೇಲಿಟ್ಟರು. "ಪ್ರಿಂಟಿನವನು 5,000ಕ್ಕಿಂತ ಕಮ್ಮಿ ಹಾಕಿಕೊಡಲ್ಲ ಸಾರ್. ನಾನು ತಿಂಗಳಿಗೆ 400 ಪ್ಯಾಕೆಟ್ ಮಾರ್ತೀನಿ. ಲೇಬಲ್ ಬದಲಾಯಿಸಿ ಅಂದ್ರೆ ಬದಲಾಯಿಸ್ತೀನಿ, ಉಳಿದ ಕವರ್ ಮೇಲೆ ಸ್ಟಿಕ್ಕರ್ ಅಂಟಿಸೋಕೆ ಬಿಡಿ." ಆಗ ಪೆನ್ನು ಹೊರಗೆ ಬಂತು. ಕವರ್ ಒಂದನ್ನು ಮಡಚಿ ಫೈಲಿಗೂ ಇಟ್ಟುಕೊಂಡರು. ಮುಂದೆ ಏನಾಯಿತು ಅಂತ ಕೇಳಬೇಡಿ, ಫೈಲ್ ಅಲ್ವಾ!

ಆದರೂ ನಾನು ಅವತ್ತಿನಿಂದ ಹಾಗೇ ಬರೆಯುವುದು. ಯಾವ ಕಲಮು, ಅದರಿಂದ ನನ್ನ ಅಂಗಡಿಗೆ ಎಷ್ಟು ಖರ್ಚು, ಬದಲಿಗೆ ಏನು ಮಾಡಬಹುದು. ಒಂದೇ ಪುಟ, ಜೊತೆಗೆ ಬಿಲ್ಲಿನ ಜೆರಾಕ್ಸ್. "ನಿಯಮವೇ ಬೇಡ" ಅಂತ ಬರೆದ ಪತ್ರ ಓದುವವರಿಲ್ಲ.

ಒಬ್ಬರೇ ಬರೆದರೆ ತೂಕ ಕಮ್ಮಿ, ಸಂಘದ ಲೆಟರ್‌ಹೆಡ್‌ನಲ್ಲೂ ಹೋಗಲಿ. ತಳ್ಳುಗಾಡಿಯವರು ಈ ವಿಷಯದಲ್ಲಿ ನಮಗಿಂತ ಮುಂದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟು ಸ್ಥಾನ ವ್ಯಾಪಾರಿಗಳಿಗೇ, ಅದರಲ್ಲಿ ಮೂರನೇ ಒಂದು ಪಾಲು ಹೆಂಗಸರಿಗೆ. ಅಂಗಡಿ ಬಾಡಿಗೆ ಕಟ್ಟುವ ನಮಗೆ ಅಂಥ ಕುರ್ಚಿ ಯಾರೂ ಹಾಕಿಲ್ಲ.

ರಾಜ್ಯಕ್ಕಾದರೆ ಕನ್ನಡದಲ್ಲೇ ಬರೆಯಿರಿ. ದಿಲ್ಲಿಗೆ ಹೋಗುವುದನ್ನು ಇಂಗ್ಲಿಷ್ ಮಾಡಿಕೊಡೋಕೆ ಮನೆಯಲ್ಲಿ ಓದುವ ಮಕ್ಕಳಿದ್ದರೆ ಸಾಕು. ನನ್ನ ಮಗಳು ಮಾಡಿಕೊಡುತ್ತಾಳೆ, ಪುಟಕ್ಕೆ ಒಂದು ಪ್ಲೇಟ್ ಮಸಾಲೆ ಪುರಿ.